ಇಂಜಿನ್ ಇಲ್ಲದೆ ಇಳಿಯುವುದು

ನಾನು ಗ್ಲೈಡರ್, ಅಂದರೆ ಇಂಜಿನ್ ಇಲ್ಲದ ವಿಮಾನ, ಹಾರಿಸಲು ಕಲಿತದ್ದು ಪುಣೆಯ ಹಡಪ್ಸರ್‌ನಲ್ಲಿ. ನೆಲದ ಮೇಲಿನ ವಿಂಚ್ ಎಂಬ ಯಂತ್ರ ಹಗ್ಗದಿಂದ ಎಳೆದು ಮೇಲೆ ಹತ್ತಿಸುತ್ತದೆ, ಹಗ್ಗ ಬಿಟ್ಟ ಮೇಲೆ ಕೈಯಲ್ಲಿ ಉಳಿಯುವುದು ಎತ್ತರ ಮತ್ತು ವೇಗ ಮಾತ್ರ. ಇಳಿಯುವಾಗ ಲೆಕ್ಕ ತಪ್ಪಿದರೆ ಇನ್ನೊಂದು ಸುತ್ತು ಹೊಡೆದು ಬರೋಣ ಅನ್ನುವ ಹಾಗಿಲ್ಲ.

ಹಾಗಾಗಿ ಇಳಿಯುವ ಕೆಲಸವನ್ನು ನಾನು ಮೇಲಿದ್ದಾಗಲೇ ಶುರು ಮಾಡುತ್ತೇನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಇಳಿಯುವ ಪಟ್ಟಿಯ ಮೇಲೆ ಯಾರಾದರೂ ಇದ್ದಾರಾ ಎಂದು ನೋಡಿಕೊಳ್ಳುತ್ತೇನೆ. ಮೈದಾನದ ಪಕ್ಕದಲ್ಲಿ ಗಾಳಿಯ ಜೊತೆ ಹೋಗಿ, ಎರಡು ಸಲ ತಿರುಗಿ, ಗಾಳಿಗೆ ಎದುರಾಗಿ ಬರುತ್ತೇನೆ. ಎತ್ತರ ಸ್ವಲ್ಪ ಜಾಸ್ತಿಯೇ ಇರಲಿ ಅಂತ ಇಟ್ಟುಕೊಳ್ಳುತ್ತೇನೆ. ಜಾಸ್ತಿಯಾದರೆ ರೆಕ್ಕೆಯ ಏರ್‌ಬ್ರೇಕ್ (ಗಾಳಿಗೆ ಅಡ್ಡ ನಿಲ್ಲುವ ಹಲಗೆ) ತೆರೆದು ಕಳೆಯಬಹುದು. ಕಡಿಮೆಯಾದರೆ ಎಲ್ಲಿಂದ ತರುವುದು?

ಇದೆಲ್ಲ ಕೈಗೆ ಬಂದ ಮೇಲೆಯೇ 1944ರ ಬರ್ಮಾದ ಕತೆ ನನಗೆ ನಿಜವಾಗಿ ಅರ್ಥವಾದದ್ದು. ಮಾರ್ಚ್ 5ರ ರಾತ್ರಿ ಬ್ರಿಟಿಷ್ ಸೇನಾನಿ ವಿಂಗೇಟ್ ಅವರ, ಶತ್ರುವಿನ ಬೆನ್ನ ಹಿಂದೆ ಹೋರಾಡುವ ಚಿಂಡಿಟ್ ಪಡೆಯ ಸೈನಿಕರು ಅಸ್ಸಾಮಿನ ಲಾಲಾಘಾಟ್‌ನಿಂದ ವಾಕೋ ಎಂಬ ಅಮೆರಿಕನ್ ಸರಕು ಗ್ಲೈಡರ್‌ಗಳಲ್ಲಿ ಹೊರಟರು. ಒಂದೊಂದು ಡಕೋಟಾ ಸಾಗಣೆ ವಿಮಾನ ಎರಡೆರಡನ್ನು ಹಗ್ಗ ಕಟ್ಟಿ ಎಳೆಯುತ್ತಿತ್ತು. ಕೆಲವು ಹಗ್ಗಗಳು ದಾರಿಯಲ್ಲೇ ತುಂಡಾದವು. ಉಳಿದ ಗ್ಲೈಡರ್‌ಗಳು ಜಪಾನಿ ಸೇನೆಯ ಬೆನ್ನ ಹಿಂದೆ, ಕಾಡಿನ ನಡುವೆ ‘ಬ್ರಾಡ್‌ವೇ’ ಎಂದು ಹೆಸರಿಟ್ಟ ಬಯಲಿನಲ್ಲಿ ಇಳಿಯಬೇಕಿತ್ತು.

ಗ್ಲೈಡರ್‌ಗಳಲ್ಲಿ ಮಿತಿಗಿಂತ ಜಾಸ್ತಿ ಸಾಮಾನಿತ್ತು. ಅಂದರೆ ಏನು ಅಂತ ಹೇಳುತ್ತೇನೆ. ಭಾರ ಶೇ. 20ರಷ್ಟು ಹೆಚ್ಚಿದರೆ ಇಳಿಯುವ ವೇಗ ಸುಮಾರು ಶೇ. 10ರಷ್ಟು ಏರುತ್ತದೆ. ನೆಲ ಮುಟ್ಟಿದ ಮೇಲೆ ತಡೆದು ನಿಲ್ಲಿಸಬೇಕಾದ ಚಲನಶಕ್ತಿ ಮಾತ್ರ, ಭಾರವೂ ವೇಗವೂ ಸೇರಿ, ಶೇ. 44ರಷ್ಟು ಹೆಚ್ಚುತ್ತದೆ. ಬರೀ ಇಬ್ಬರು ಕೂರುವ ನಮ್ಮ ಗ್ಲೈಡರ್‌ನಲ್ಲೇ ಒಬ್ಬನೇ ಹಾರುವುದಕ್ಕೂ ಇಬ್ಬರು ಹಾರುವುದಕ್ಕೂ ಇರುವ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ನೆಲವೂ ಮೋಸದ್ದು. ಮರದ ದಿಮ್ಮಿ ಎಳೆದು ಆಗಿದ್ದ ಆಳದ ಚಡಿಗಳು ಹುಲ್ಲಿನಡಿ ಮುಚ್ಚಿಹೋಗಿದ್ದವು. ಮೇಲಿನಿಂದ ತೆಗೆದ ಫೋಟೋದಲ್ಲಿ ಅವು ಕಾಣಲಿಲ್ಲ. ಮೊದಲು ಬಂದವುಗಳ ಚಕ್ರ ಕಿತ್ತುಹೋದವು. ಅವನ್ನು ಪಕ್ಕಕ್ಕೆ ಎಳೆಯುವಷ್ಟರಲ್ಲಿ ಹಿಂದಿನವು ಬಂದೇ ಬಿಟ್ಟವು. ಹಡಪ್ಸರ್‌ನಲ್ಲಿ ಮುಂದೆ ಇನ್ನೊಂದು ಗ್ಲೈಡರ್ ನಿಂತಿದ್ದರೆ ನನಗೆ ಹಗಲಿನಲ್ಲಿ ದೂರದಿಂದಲೇ ಕಾಣುತ್ತದೆ, ಪಕ್ಕದಲ್ಲಿ ಇಳಿಯುತ್ತೇನೆ. ಆ ಪೈಲಟ್‌ಗಳಿಗೆ ಅಡ್ಡ ಕಂಡಾಗ ಎತ್ತರ ಮುಗಿದಿತ್ತು. ಉಳಿದ ವೇಗದಲ್ಲಿ ಒಂದು ಸಲ ಮೂತಿ ಎತ್ತಿ ದಾಟಬಹುದು. ಆಮೇಲೆ ಗ್ಲೈಡರ್ ಧೊಪ್ಪನೆ ಬೀಳುತ್ತದೆ.

ಇನ್ನೊಂದು ಅಪಾಯ ಬೆನ್ನ ಹಿಂದೆಯೇ ಇತ್ತು. ವಾಕೋದಲ್ಲಿ ಪೈಲಟ್‌ಗಳು ಕೂರುವುದು ತೀರಾ ಮುಂದೆ. ಹಿಂದೆ ಜೀಪ್ ಇದ್ದರೆ, ಡಿಕ್ಕಿಯಾದಾಗ ಅದು ನುಗ್ಗುವುದು ಅವರ ಮೇಲೇ. ಅದಕ್ಕೇ ಜೀಪಿಗೂ ಮೂತಿಗೂ ಕೇಬಲ್ ಕಟ್ಟುವ ಏರ್ಪಾಡಿತ್ತು. ಜೀಪ್ ಮುಂದೆ ಜರುಗಿದರೆ ಮೂತಿ ಪೈಲಟ್‌ಗಳ ಸಮೇತ ಮೇಲಕ್ಕೆ ತೆರೆದುಕೊಳ್ಳುತ್ತಿತ್ತು. ಇದನ್ನು ಯೋಚಿಸಿದವರ ಬಗ್ಗೆ ನನಗೆ ತುಂಬಾ ಗೌರವವಿದೆ.

ಆ ರಾತ್ರಿ ಬ್ರಾಡ್‌ವೇಯಲ್ಲಿ ಸುಮಾರು 30 ಮಂದಿ ಸತ್ತರು. ಬದುಕಿದವರು ಗ್ಲೈಡರ್‌ನಲ್ಲೇ ಬಂದಿದ್ದ ಬುಲ್ಡೋಜರ್ ಹಿಡಿದು ಚಡಿ ಮುಚ್ಚಿ ನೆಲ ಸಮ ಮಾಡಿದರು. ಮರುದಿನ ರಾತ್ರಿಯೇ ಡಕೋಟಾಗಳು ಅಲ್ಲಿ ಇಳಿಯತೊಡಗಿದವು.