ಇಳಿಜಾರು ಸೈಟಲ್ಲಿ ನೆಂಟರಿಗೆ ಜಾಗ ಆಗೋ ಮನೆ: ನನ್ನ ಅನುಭವ

ಚಿಕ್ಕಮಗಳೂರು ಜಿಲ್ಲೆ ಆಲ್ದೂರು ಹತ್ರ ನಮ್ಮ ಸೈಟು ರೋಡಿಂದ ಪೂರ್ವಕ್ಕೆ ಇಳಿಯುತ್ತೆ, 70 ಅಡಿ ಉದ್ದಕ್ಕೆ ಹೆಚ್ಚುಕಮ್ಮಿ 9 ಅಡಿ ಇಳಿತ. ನಾನು ಸಿವಿಲ್ ಕೆಲಸದಲ್ಲೇ ಇರೋನು, ನಕ್ಷೆ ನಾನೇ ಹಾಕ್ದೆ. ನಮ್ಮನೇಲಿ ಹಬ್ಬ, ಪೂಜೆ, ನಾಮಕರಣ ಅಂದ್ರೆ ಐವತ್ತು ಅರವತ್ತು ಜನ ಸೇರ್ತಾರೆ, ಛತ್ರಕ್ಕೆ ಹೋಗದೆ ಮನೇಲೇ ಊಟ ಹಾಕ್ಬೇಕು ಅನ್ನೋದು ಅಮ್ಮನ ಆಸೆ, ನಂದೂ ಅದೇ.

ಜೆಸಿಬಿ ಡ್ರೈವರ್ ಬಂದವನು ಎರಡು ದಿನದಲ್ಲಿ ಎಲ್ಲಾ ಮಟ್ಟ ಮಾಡ್ಕೊಡ್ತೀನಿ ಸಾರ್ ಅಂದ. ಬೇಡಪ್ಪ ಅಂದೆ. 2019ರ ಆಗಸ್ಟ್ ಮಳೇಲಿ ಮೂಡಿಗೆರೆ ಕಡೆ ಗುಡ್ಡ ಜಾರಿದ್ದು ನಾವ್ಯಾರೂ ಮರ್ತಿಲ್ಲ. ನಮ್ಮ ಮಣ್ಣು ಬೇಸಿಗೇಲಿ ಗೋಡೆ ಥರ ನಿಂತಿರುತ್ತೆ, ನೀರು ಕುಡೀತು ಅಂದ್ರೆ ಭಾರ ಆಗಿ, ನೆಟ್ಟಗೆ ಕಡಿದ ಧರೆ ಹಂಗೇ ಕುಸಿದ್ಬಿಡುತ್ತೆ. ಅದಕ್ಕೇ ಇಳಿಜಾರು ಇದ್ದಂಗೇ ಇಟ್ಕೊಂಡು ಮೇಲೊಂದು, ಕೆಳಗೊಂದು ಅಂತ ಎರಡು ಮಟ್ಟದಲ್ಲಿ ಮನೆ ಕಟ್ಟೋಣ ಅಂದ್ಕೊಂಡೆ.

ಮೊದ್ಲು ಮೇಸ್ತ್ರಿ ಜೊತೆ ನೀರಿನ ಟ್ಯೂಬ್ ಹಿಡ್ದು 10 ಅಡಿಗೊಂದು ಗೂಟ ಹೊಡ್ದು ಲೆವೆಲ್ ತಗೊಂಡ್ವಿ, ಟ್ಯೂಬಿನ ಎರಡೂ ತುದೀಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ, ಅದ್ರಿಂದ ಎಲ್ಲೆಲ್ಲಿ ಎಷ್ಟು ಇಳಿತ ಅಂತ ಗೊತ್ತಾಗುತ್ತೆ. ಟ್ಯೂಬಲ್ಲಿ ಒಂದು ಗಾಳಿ ಗುಳ್ಳೆ ಸಿಕ್ಕಾಕೊಂಡಿದ್ರೂ ಲೆಕ್ಕ ತಪ್ಪುತ್ತೆ, ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಹೊರಗೆ ಹೋಗೋ ತನಕ ಕಾಯ್ಬೇಕು, ಅದಕ್ಕೇ ಅರ್ಧ ದಿನ ಹೋಯ್ತು.

ನನ್ನ ಮೊದಲ್ನೇ ನಕ್ಷೇಲಿ ಅಡಿಗೆಮನೆ ಮೇಲೆ, ಊಟದ ಜಾಗ ಕೆಳಗಡೆ ಅಂಗಳದ ಪಕ್ಕ ಇತ್ತು. ಅಮ್ಮ ಹಾಳೆ ನೋಡಿ, "ಅಲ್ವೋ ಮಗ, ಬಿಸಿ ಸಾರಿನ ಪಾತ್ರೆ ಹಿಡ್ಕೊಂಡು ಮೆಟ್ಲು ಇಳಿಯೋರು ಯಾರು?" ಅಂದ್ರು. ಇಡೀ ಮನೆ ನಿಂತಿರೋದು ಆ ಒಂದು ಮಾತಿನ ಮೇಲೆ. ಅಡಿಗೆಮನೆ, ಬಡಿಸೋ ಜಗಲಿ, ಕೈ ತೊಳ್ಯೋ ಜಾಗ, ಅಮ್ಮನ ರೂಮು, ಕಾರ್ ನಿಲ್ಸೋದು ಎಲ್ಲಾ ಮೇಲ್ಗಡೆ ಒಂದೇ ಮಟ್ಟ, ನಡುವೆ ಒಂದು ಹೊಸ್ತಿಲೂ ಇಲ್ಲ. ನಮ್ಮ ರೂಮು, ಮಕ್ಕಳ ರೂಮು, ಅಂಗಳ ನಾಲ್ಕೂವರೆ ಅಡಿ ಕೆಳಗೆ. ಉಳಿದ ಇಳಿತ ಅಂಗಳದ ಅಂಚಲ್ಲಿ ಕಲ್ಲಿನ ಗೋಡೆಗೆ ಬಿಟ್ವಿ.

ಜಗಲಿ ಅಳತೆಗೆ ಎಲೆ ಲೆಕ್ಕ ಹಾಕ್ದೆ. ಒಬ್ಬರು ಕೂರಕ್ಕೆ 2 ಅಡಿ ಅಗಲ ಬೇಕು, 30 ಅಡಿ ಉದ್ದದಲ್ಲಿ ಒಂದ್ಕಡೆ 15 ಎಲೆ, ಎದುರುಬದುರು 30. ಕೂರೋಕೆ, ಎಲೆಗೆ ಸೇರಿ ಒಂದು ಸಾಲಿಗೆ 4 ಅಡಿ, ಬಡಿಸೋರು ಓಡಾಡಕ್ಕೆ ಮಧ್ಯ ಇನ್ನು 4 ಅಡಿ, ಒಟ್ಟು 12 ಅಡಿ ಅಗಲ. ಎರಡು ಪಂಕ್ತೀಲಿ ಎಲ್ಲರ ಊಟ ಮುಗಿಯುತ್ತೆ. ಮುಂಗಾರು ಮಳೆ ನಮ್ಗೆ ಪಶ್ಚಿಮದಿಂದ ಬೀಸೋದು, ಅದಕ್ಕೆ ಜಗಲಿ ಪೂರ್ವಕ್ಕೆ ಇಟ್ಟೆ, ಮನೇನೇ ಮಳೆಗೆ ಅಡ್ಡ ನಿಲ್ಲುತ್ತೆ, ಮೇಲೆ ಮಂಗಳೂರು ಹೆಂಚಿನ ಮಾಡು.

ಜಗಲಿಯಿಂದ ಅಂಗಳಕ್ಕೆ 54 ಇಂಚು ಇಳೀಬೇಕಿತ್ತು. 6 ಇಂಚಿನ ಒಂಬತ್ತು ಮೆಟ್ಲು ಒಂದು ಪಕ್ಕಕ್ಕೆ ಮಾತ್ರ ಕಟ್ಟಿ, ಉಳಿದ ಅಗಲಕ್ಕೆ 18 ಇಂಚಿನ ಮೂರು ದೊಡ್ಡ ಕಟ್ಟೆ ಮಾಡ್ಸಿದೆ, ಮೂರು ಮೆಟ್ಲಿಗೆ ಒಂದು ಕಟ್ಟೆ ಸಮ. ಊಟ ಆದ್ಮೇಲೆ ಎಲ್ರೂ ಎಲೆ ಅಡಿಕೆ ಹಿಡ್ಕೊಂಡು ಅಲ್ಲೇ ಕೂರ್ತಾರೆ, ಕುರ್ಚಿ ಬಾಡಿಗೆಗೆ ತರೋದು ನಿಂತೇ ಹೋಯ್ತು.

ನೀರಿನ ಕೆಲಸಕ್ಕೆ ಮಾತ್ರ ದುಡ್ಡು ಉಳಿಸ್ಬೇಡಿ. ರೋಡಿನ ನೀರು ಸೀದಾ ಸೈಟಿಗೇ ನುಗ್ಗುತ್ತೆ, ಗೇಟ್ ಹತ್ರ ಅಡ್ಡ ಚರಂಡಿ ತೆಗ್ದು ಮೇಲೆ ಕಬ್ಬಿಣದ ಜಾಲರಿ ಹಾಕ್ಸಿ ನೀರನ್ನ ಪಕ್ಕಕ್ಕೆ ತಿರುಗಿಸ್ದೆ. ಅಂಗಳದ ಅಂಚಿನ ಕಲ್ಲಿನ ಗೋಡೆ ಹಿಂದೆ ನೀರು ನಿಲ್ಲದಂಗೆ 5 ಅಡಿಗೊಂದು ಪೈಪ್ ತೂತು, ಹೊರಕ್ಕೆ ಸ್ವಲ್ಪ ವಾಟ (ಇಳಿಜಾರು), ಗೋಡೆ ಹಿಂದೆ ಬರೀ ಮಣ್ಣು ತುಂಬದೆ ದಪ್ಪ ಜಲ್ಲಿ ಕಲ್ಲು. ಮೊದಲ್ನೇ ಮಳೆಗಾಲದಲ್ಲಿ ಛತ್ರಿ ಹಿಡ್ದು ಹೋಗಿ ಒಂದೊಂದೇ ತೂತು ನೋಡ್ದೆ, ಎಲ್ಲದರಿಂದ್ಲೂ ತಿಳಿ ನೀರು ಬರ್ತಿತ್ತು, ಕೆಂಪು ನೀರಲ್ಲ, ಅಂದ್ರೆ ಮಣ್ಣು ಕೊಚ್ಚಿ ಹೋಗ್ತಿಲ್ಲ. ಮಣ್ಣು ತುಂಬಿದ ಭಾಗದಲ್ಲಿ ಕಾಲಮ್‌ಗಳನ್ನ ತುಂಬಿದ ಮಣ್ಣಿನ ಮೇಲೆ ನಿಲ್ಲಿಸ್ಲಿಲ್ಲ, ಕೆಳಗಿನ ಗಟ್ಟಿ ನೆಲಕ್ಕೇ ಇಳಿಸಿದ್ವಿ.

ಒಂದು ತಪ್ಪಾಯ್ತು. ಮೆಟ್ಲಿಗೆ ಕಂಬಿ, ಲೈಟು ಆಮೇಲೆ ಅಂತ ಬಿಟ್ಟಿದ್ದೆ, ಗೃಹಪ್ರವೇಶದ ರಾತ್ರಿ ಚಿಕ್ಕಪ್ಪ ಕೊನೇ ಮೆಟ್ಲು ಕಾಣದೆ ಮುಗ್ಗರಿಸಿದ್ರು. ಪುಣ್ಯಕ್ಕೆ ಏನೂ ಆಗ್ಲಿಲ್ಲ. ಮಾರನೇ ವಾರವೇ ಎರಡೂ ಹಾಕ್ಸಿದೆ, ಈಗ ಅವ್ರು ಕಂಬಿ ಹಿಡ್ಕೊಂಡು ಇಳ್ದು ಸಂಜೆ ಕಾಫಿ ಕೆಳಗಿನ ಕಟ್ಟೇಲೇ ಕುಡೀತಾರೆ.