ಎರಡು ಸಲ ಬಿಚ್ಚಿದ ಹೆಡ್

ಅಪ್ಪ ಕೊಂಡ 1999ರ ಹೀರೋ ಹೋಂಡಾ ಸ್ಪ್ಲೆಂಡರ್ ಈಗ ನನ್ನ ಪಾಲಿಗೆ ಬಂದಿದೆ. ಅದು ಆಯಿಲ್ ಕುಡಿಯುತ್ತಿದೆ ಎಂದು ಗೊತ್ತಾದದ್ದು ಹೊಗೆಯಿಂದಲ್ಲ, ಸದ್ದಿನಿಂದ. ಹೆಡ್ಡಿನೊಳಗೆ, ಅಂದರೆ ಎಂಜಿನ್ನಿನ ತಲೆಭಾಗದಲ್ಲಿ, ಹೊಲಿಗೆ ಯಂತ್ರ ಓಡುತ್ತಿರುವಂತೆ ಟಕಟಕ. ಆಯಿಲ್ ಮಟ್ಟ ನೋಡುವ ಕಡ್ಡಿ ತೆಗೆದು ನೋಡಿದರೆ ತುದಿಗೂ ಆಯಿಲ್ ತಾಗಿರಲಿಲ್ಲ. ಈ ಗಾಡಿಯಲ್ಲಿ ಆಯಿಲ್ ಮುಗಿಯಿತೆಂದು ಹೇಳುವ ದೀಪವಿಲ್ಲ. ಆರು ತಿಂಗಳು ಕಡ್ಡಿ ಮುಟ್ಟದೆ ಓಡಿಸಿದವನು ನಾನೇ, ಆದ್ದರಿಂದ ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ.

‘ಬೋರ್ ಹೋಗಿದೆ ಸಾರ್, ಕೊರೆಸಬೇಕು, ಇಲ್ಲದಿದ್ದರೆ ದಪ್ಪ ಆಯಿಲ್ ಹಾಕಿ ಓಡಿಸಿ’ ಎಂದರು ಮೆಕ್ಯಾನಿಕ್. ಬೋರ್ ಎಂದರೆ ಪಿಸ್ಟನ್ ಓಡಾಡುವ ಕೊಳವೆ. ದಪ್ಪ ಆಯಿಲ್ ಹಾಕಿದೆ. ಹೊಗೆ ತುಸು ತಗ್ಗಿತು. ಆದರೆ ಸಕಲೇಶಪುರದ ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಕಿಕ್ಕರ್ ತುಳಿಯುವುದೇ ಒಂದು ವ್ಯಾಯಾಮವಾಯಿತು. ಕಾರಿನ ಆಯಿಲ್ ಸುರಿಯುವ ಸಲಹೆಯೂ ಬಂದಿತ್ತು, ಅದನ್ನು ಮಾತ್ರ ಕೇಳಲಿಲ್ಲ. ಈ ಎಂಜಿನ್ನಿನ ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಆಯಿಲ್‌ನ ಜಾರಿಕೆಗೆ ಕ್ಲಚ್ ಹಿಡಿಯದೆ ಹೋಗಬಹುದು.

ಬಿಚ್ಚುವ ಮೊದಲು ಅಳೆಯಬೇಕು ಅನ್ನಿಸಿತು. ಮೆಡಿಕಲ್ ಅಂಗಡಿಯಿಂದ 50 ಮಿ.ಲೀ. ಸಿರಿಂಜ್ ತಂದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಎರಡು ನಿಮಿಷ ಓಡಿಸಿ, ನಿಲ್ಲಿಸಿ, ಆಯಿಲ್ ಕೆಳಗಿಳಿಯಲು ಬಿಟ್ಟು, ಕಡ್ಡಿಯನ್ನು ತಿರುಗಿಸದೆ ಸುಮ್ಮನೆ ಕೂರಿಸಿ ನೋಡುವುದು. ಮೇಲಿನ ಗೆರೆಗೆ ತುಂಬಿಸಿ 500 ಕಿ.ಮೀ. ಓಡಿಸಿದ ಮೇಲೆ ಮತ್ತೆ ಅದೇ ಗೆರೆ ಮುಟ್ಟಲು ಮೂರೂವರೆ ಸಿರಿಂಜ್ ಬೇಕಾಯಿತು. ಹತ್ತಿರ ಹತ್ತಿರ 175 ಮಿ.ಲೀ. ಎಂಜಿನ್‌ಗೆ ಹಿಡಿಯುವುದೇ ಒಂದು ಲೀಟರಿಗಿಂತ ಕಡಿಮೆ.

ಹೊಗೆ ಯಾವಾಗ ಬರುತ್ತದೆ ಎಂಬುದನ್ನೂ ನೋಡಬೇಕಿತ್ತು. ತಮ್ಮನನ್ನು ಹಿಂದೆ ಇನ್ನೊಂದು ಗಾಡಿಯಲ್ಲಿ ಬರಲು ಹೇಳಿ, ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದೆ. ಕೆಳಗೆ ಬಂದು ಕೈ ತಿರುಗಿಸಿದ ಕ್ಷಣ ನೀಲಿ ಹೊಗೆಯ ಒಂದು ಉಂಡೆ. ಆಕ್ಸಿಲರೇಟರ್ ಮುಚ್ಚಿದಾಗ ಇನ್‌ಲೆಟ್ ಕಡೆ ಎಳೆತ ಹೆಚ್ಚುತ್ತದೆ. ವಾಲ್ವಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಸೀಲ್ ಗಟ್ಟಿಯಾಗಿ ಸೀಳಿದ್ದರೆ ಆಯಿಲ್ ಅದರ ಪಕ್ಕದಿಂದ ಒಳಗೆ ಇಳಿಯುತ್ತದೆ. ರೋಗ ಸಿಕ್ಕಿತು ಎಂದು ಹಿಗ್ಗಿದೆ. ತಮ್ಮ ‘ಏರಿನಲ್ಲೂ ಸ್ವಲ್ಪ ಬರುತ್ತಿತ್ತು’ ಎಂದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೆಡ್ ಇಳಿಸಿ ಸೀಲ್ ಬದಲಿಸಿ, ವಾಲ್ವ್ ಸರಿಯಾಗಿ ಕೂರುವಂತೆ ಉಜ್ಜಿ (ಲ್ಯಾಪಿಂಗ್) ಮುಚ್ಚಿದೆ. ಇಳಿಜಾರಿನ ಹೊಗೆ ನಿಂತಿತು. ಸಿರಿಂಜ್ ಲೆಕ್ಕ ಮಾತ್ರ 500 ಕಿ.ಮೀ.ಗೆ ಇನ್ನೂ 100 ಮಿ.ಲೀ. ತೋರಿಸುತ್ತಿತ್ತು.

ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಆಗ ಮಾಡಿದೆ. ಪ್ಲಗ್ ಜಾಗಕ್ಕೆ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತೆರೆದು ಕಿಕ್ಕರ್ ಹೊಡೆದರೆ ಮುಳ್ಳು 110 ಪಿಎಸ್‌ಐನಲ್ಲಿ ನಿಂತಿತು. ಒಂದು ಚಮಚ ಆಯಿಲ್ ಒಳಗೆ ಬಿಟ್ಟು ಮತ್ತೆ ಹೊಡೆದೆ: 145. ಆ ಚಮಚ ಆಯಿಲ್ ಪಿಸ್ಟನ್ ಸುತ್ತಲಿನ ರಿಂಗಿನ ಸಂದು ಮುಚ್ಚಿತ್ತು. ವಾಲ್ವ್ ಸೋರುತ್ತಿದ್ದರೆ ಮುಳ್ಳು ಹಾಗೆ ಏರುತ್ತಿರಲಿಲ್ಲ. ತಮ್ಮ ಏರಿನಲ್ಲಿ ಕಂಡ ಹೊಗೆ ಈ ಸಂದಿನದ್ದೇ. ಹೆಡ್ ತೆಗೆದ ದಿನವೇ ಅದರ ಕೆಳಗಿನ, ಬೋರ್ ಇರುವ ಬ್ಲಾಕನ್ನೂ ಎತ್ತಿ ನೋಡಬಹುದಿತ್ತು, ಅರ್ಧ ಗಂಟೆಯ ಕೆಲಸ. ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ಹಾಕಿ ತಿಂಗಳಾಗಿರಲಿಲ್ಲ, ಮತ್ತೊಂದು ಜೊತೆ ತಂದೆ.

ಬ್ಲಾಕನ್ನು ಬೆಳಕಿಗೆ ಹಿಡಿದಾಗ ಉದ್ದಕ್ಕೂ ಗೀರುಗಳು ಕಂಡವು, ಒಂದಕ್ಕೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಆಯಿಲ್ ರಿಂಗ್ ಕರಿಗಟ್ಟಿ ಪಿಸ್ಟನ್ನಿನ ಕಚ್ಚಿನೊಳಗೇ ಅಂಟಿ ಕೂತಿತ್ತು. ಇನ್ನು ರಿಂಗ್ ಮಾತ್ರ ಬದಲಿಸಿ ಪ್ರಯೋಜನವಿರಲಿಲ್ಲ. ಹಾಸನದ ಲೇತ್‌ನವರು ಅಳೆದು, 0.25 ಮಿ.ಮೀ. ದೊಡ್ಡ ಸೈಜಿಗೆ ಕೊರೆದರೆ ಗೀರು ಹೋಗುವುದಿಲ್ಲ, 0.50ರ ಪಿಸ್ಟನ್ ತನ್ನಿ ಎಂದರು. ಪಿಸ್ಟನ್ ಮೊದಲು ಕೊಂಡು ಅವರ ಕೈಗೆ ಕೊಡಬೇಕು. ಬೋರನ್ನು ಆ ಪಿಸ್ಟನ್ ಅಳತೆಗೆ ಹೊಂದಿಸಿ ಕೊರೆಯುತ್ತಾರೆ.

ಕೊರೆದ ಮೇಲೆ ಕಲ್ಲಿನಿಂದ ಉಜ್ಜಿ ನಯ ಮಾಡುವ ಹೋನಿಂಗ್ ಆದ ಬ್ಲಾಕನ್ನು ಬಿಸಿನೀರು, ಸೋಪು ಹಾಕಿ ತೊಳೆದೆ. ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದರೆ ಕಲ್ಲಿನ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಅಪ್ಪನ ಹಳೆಯ ಬಿಳಿ ಪಂಚೆಯ ತುಂಡಿನಿಂದ ಒರೆಸಿದಾಗ ಬೂದು ಬಣ್ಣ ಬಂತು. ನಾಲ್ಕನೆಯ ತೊಳೆತದ ನಂತರ ಬಟ್ಟೆ ಬೆಳ್ಳಗೇ ಉಳಿಯಿತು, ಕೂಡಲೇ ಆಯಿಲ್ ಸವರಿದೆ. ರಿಂಗ್ ಕೂರಿಸುವಾಗ ಒಮ್ಮೆ ಎಡವಿದೆ. ಆಯಿಲ್ ರಿಂಗಿನ ಮಧ್ಯದ ಅಲೆಯಲೆ ಪಟ್ಟಿಯ ತುದಿಗಳು ಒಂದಕ್ಕೊಂದು ಮುಖಾಮುಖಿ ತಾಗಬೇಕು, ಒಂದರ ಮೇಲೊಂದು ಹತ್ತಬಾರದು. ನನ್ನದು ಹತ್ತಿತ್ತು. ಬ್ಲಾಕ್ ಇಳಿಯಲು ಹಟ ಮಾಡಿದ್ದರಿಂದ ಬಚಾವಾದೆ. ಒತ್ತಿ ಇಳಿಸಿದ್ದರೆ ಮೂರನೆಯ ಸಲ ಬಿಚ್ಚಬೇಕಾಗುತ್ತಿತ್ತು.

ಮೊದಲ 300 ಕಿ.ಮೀ. ಒಂದೇ ವೇಗದಲ್ಲಿ ಓಡಿಸದೆ, ಕಿರುಚಿಸದೆ ನಡೆಸಿ ಆಯಿಲ್ ಬದಲಿಸಿದೆ. ಈ ಸಲ ಕಂಪನಿ ಹೇಳುವ ತೆಳು ಆಯಿಲ್, 10ಡಬ್ಲ್ಯೂ-30. ಸಾವಿರ ಕಿ.ಮೀ. ದಾಟಿದ ಮೇಲೆ ಸಿರಿಂಜ್ ತೆಗೆದುಕೊಂಡು ಕೂತೆ. 20 ಮಿ.ಲೀ. ಹಿಡಿಯಿತು. ತಮ್ಮ ಮಾತ್ರ ಈಗಲೂ ಏರು ಬಂದರೆ ಹಿಂದೆ ತಿರುಗಿ ನೋಡುತ್ತಾನೆ.