ತಿಂಗಳುಗಟ್ಟಲೆ ಉಳಿಯುವ ಅತಿಥಿ ಬೇಕಾ? ಜಾಹೀರಾತು ಆಮೇಲೆ, ಮೊದಲು ನೆಟ್ ನೋಡಿ

ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಹೋಂಸ್ಟೇ ಇದೆ. ಕಾಫಿ ತೋಟದ ನಡುವೆ ನಾಲ್ಕು ರೂಮು. ಶನಿವಾರ, ಭಾನುವಾರ ಗಿಜಿಗಿಜಿ. ಸೋಮವಾರ ಬೆಳಿಗ್ಗೆ ಅಕ್ಕಿರೊಟ್ಟಿ ತಿಂದು ಎಲ್ಲರೂ ಹೊರಟರೆ ಶುಕ್ರವಾರದವರೆಗೆ ಮನೆ ಭಣಭಣ.

‘ಲ್ಯಾಪ್‌ಟಾಪ್ ಇಟ್ಕೊಂಡು ಊರೂರು ಸುತ್ತೋ ಹುಡುಗ್ರು ಗೋವಾಕ್ಕೇ ಯಾಕೆ ಹೋಗ್ತಾರೆ? ನಾವೂ ಒಂದು ಜಾಹೀರಾತು ಹಾಕ್ಸೋಣ್ವಾ?’ ಅಂತ ಕೇಳಿದರು. ‘ಈಗಲೇ ಬೇಡ ಚಿಕ್ಕಪ್ಪ’ ಅಂದೆ. ಅದಕ್ಕೂ ಮುಂಚೆ ಮಾಡುವ ಕೆಲಸ ಬೇರೆ ಇದೆ. ನಾವು ಮಾಡಿದ್ದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ.

ಈ ಅಲೆಮಾರಿಗಳಿಗೆ ಡಿಜಿಟಲ್ ನೊಮ್ಯಾಡ್ ಅಂತ ಹೆಸರು. ಇವರನ್ನು ಕರೆಸಿಕೊಳ್ಳಲು ದೇಶಗಳೇ ಪೈಪೋಟಿಗೆ ಬಿದ್ದಿವೆ. 2020ರಲ್ಲಿ ಬಾರ್ಬಡೋಸ್, ಎಸ್ಟೋನಿಯಾ ಇವರಿಗಾಗಿಯೇ ವೀಸಾ ತೆರೆದವು. 2024ರಲ್ಲಿ ಥಾಯ್ಲೆಂಡ್ ಐದು ವರ್ಷದ ವೀಸಾ ಶುರು ಮಾಡಿತು, ಒಮ್ಮೆ ಹೋದರೆ 180 ದಿನ ಇರಬಹುದು. ನಮ್ಮ ದೇಶದಲ್ಲಿ ಅಂಥ ಪ್ರತ್ಯೇಕ ವೀಸಾ ಇಲ್ಲ. ಹಾಗಾಗಿ ಮಲೆನಾಡಿನ ಹೋಂಸ್ಟೇಯವರು ಪೋರ್ಚುಗಲ್‌ನವರಿಗೆ ಕಾಯುವುದಕ್ಕಿಂತ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನವರನ್ನು ಹಿಡಿಯುವುದು ಜಾಣತನ.

ಏನು ಹುಡುಕುತ್ತಾರೆ?

ಮೊದಲು ಗೂಗಲ್ ಟ್ರೆಂಡ್ಸ್ ತೆರೆಯಿರಿ. ಜನ ಯಾವ ಪದವನ್ನು ಯಾವಾಗ ಹೆಚ್ಚು ಹುಡುಕುತ್ತಾರೆ ಅಂತ ತೋರಿಸುವ ಸೈಟು ಇದು. ಪುಕ್ಕಟೆ. ಜಾಗ ಕರ್ನಾಟಕ, ಅವಧಿ ಐದು ವರ್ಷ ಅಂತ ಆರಿಸಿ. ‘ವರ್ಕೇಷನ್’ (ಪ್ರವಾಸದ ಜಾಗದಲ್ಲೇ ಕೂತು ಕೆಲಸ ಮಾಡುವುದು), ‘ಕೂರ್ಗ್ ಹೋಂಸ್ಟೇ’, ‘ಚಿಕ್ಕಮಗಳೂರು ಹೋಂಸ್ಟೇ’ ಹೀಗೆ ಕೆಲವು ಪದಗಳನ್ನು ಪಕ್ಕಪಕ್ಕ ಹಾಕಿ ನೋಡಬಹುದು. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಹುಡುಕುವವರು ಹೆಚ್ಚಾಗಿ ಹಾಗೇ ಬರೆಯುವುದು.

ಇಲ್ಲಿ ತುಂಬಾ ಜನ ಎಡವುತ್ತಾರೆ. ಗ್ರಾಫ್‌ನ ಗೆರೆ 100 ಮುಟ್ಟಿದರೆ ನೂರು ಜನ ಹುಡುಕಿದರು ಅಂತಲ್ಲ. ಆ ಅವಧಿಯಲ್ಲಿ ಒಟ್ಟು ಹುಡುಕಾಟದೊಳಗೆ ಆ ಪದದ ಪಾಲು ಅತಿ ಜಾಸ್ತಿ ಇದ್ದ ವಾರಕ್ಕೆ 100 ಅಂತ ಅಂಕ ಕೊಟ್ಟು, ಉಳಿದದ್ದನ್ನು ಅದಕ್ಕೆ ಹೋಲಿಸಿ ಅಳೆಯುತ್ತಾರೆ. ಸಣ್ಣ ಊರಿನ ಹೆಸರು ಹಾಕಿದರೆ ಗೆರೆಯೇ ಬರದೆ ಹೋಗಬಹುದು. ಆಗ ಜಿಲ್ಲೆಯ ಹೆಸರು ಹಾಕಿ. ಯಾವ ತಿಂಗಳಲ್ಲಿ ಗೆರೆ ಏರುತ್ತೆ, ಯಾವಾಗ ಮಲಗುತ್ತೆ ಅನ್ನೋದು ಗೊತ್ತಾದರೆ ಇಲ್ಲಿಯ ಕೆಲಸ ಮುಗೀತು.

ನಿಜವಾದ ಸಂಶೋಧನೆ ಇರುವುದು ರಿವ್ಯೂಗಳಲ್ಲಿ. ಸುತ್ತಮುತ್ತಲ ಹೋಂಸ್ಟೇಗಳ ರಿವ್ಯೂ ಒಂದೊಂದಾಗಿ ಓದಿ. ಹೊಗಳಿಕೆ ಬಿಡಿ, ಎರಡು–ಮೂರು ಸ್ಟಾರ್ ಕೊಟ್ಟವರನ್ನು ಹಿಡಿಯಿರಿ. ನಾವು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಕೂತೆವು. ನೆಟ್, ಕರೆಂಟು, ಊಟ, ದಾರಿ, ಕೂರುವ ಜಾಗ ಅಂತ ಐದು ಕಾಲಂ. ಒಂದು ದೂರಿಗೆ ಒಂದು ಗೀಟು. ಚಿಕ್ಕಪ್ಪನಿಗೆ ದಾರಿಯ ಕಾಲಂ ತುಂಬುತ್ತೆ ಅನ್ನೋ ನಂಬಿಕೆ. ಐವತ್ತು ರಿವ್ಯೂ ಮುಗಿಯುವ ಹೊತ್ತಿಗೆ ನೆಟ್ ಮತ್ತು ಕರೆಂಟಿನ ಕಾಲಂಗೆ ಜಾಗ ಸಾಲದೆ ಅಂಚಿಗೆ ಹೋಗಿದ್ದೆವು.

ಮನೆ ಮೊದಲು

ನೆಟ್ ಇದೆ ಅನ್ನೋದು ಸಾಲದು, ಎಷ್ಟಿದೆ ಅಂತ ಗೊತ್ತಿರಬೇಕು. ಏಳು ದಿನ, ದಿನಕ್ಕೆ ಮೂರು ಸಲ, ಪ್ರತಿ ರೂಮಿನಲ್ಲೂ ಸ್ಪೀಡ್ ಟೆಸ್ಟ್ ಮಾಡಿ ಬರೆದಿಡಿ. ನಾವು ಸಾಮಾನ್ಯವಾಗಿ ಡೌನ್‌ಲೋಡ್ ಮಾತ್ರ ನೋಡುತ್ತೇವೆ. ಮೀಟಿಂಗ್‌ನಲ್ಲಿ ಕೂತವರ ಮುಖ, ದನಿ ಆ ಕಡೆ ಹೋಗುವುದು ಅಪ್‌ಲೋಡ್‌ನಲ್ಲಿ. ಚೆನ್ನಾಗಿರುವ ವಿಡಿಯೊ ಕಾಲ್‌ಗೆ ಒಬ್ಬರಿಗೆ ಸುಮಾರು 4 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ. ನಾಲ್ಕು ರೂಮಿನವರೂ ಒಟ್ಟಿಗೆ ಮೀಟಿಂಗ್‌ಗೆ ಕೂತರೆ 16.

ಜೋರು ಮಳೆ ಬಂದ ದಿನದ ಟೆಸ್ಟ್ ತಪ್ಪಿಸಬೇಡಿ. ನಮ್ಮ ಗುಟ್ಟು ರಟ್ಟಾಗಿದ್ದು ಅವತ್ತೇ. ಕರೆಂಟು ಹೋಯಿತು, ಇನ್ವರ್ಟರ್‌ನಿಂದ ಲೈಟು, ಫ್ಯಾನು ನಡೀತಿತ್ತು, ನೆಟ್ ಮಾತ್ರ ಸತ್ತಿತ್ತು. ನೋಡಿದರೆ ರೂಟರ್ ಚುಚ್ಚಿದ್ದ ಪ್ಲಗ್ಗಿಗೆ ಇನ್ವರ್ಟರ್ ಲೈನೇ ಇರಲಿಲ್ಲ! ಇಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಸರಿಮಾಡಿದ. ಫೈಬರ್ ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಮರ ಬಿದ್ದು ಕೇಬಲ್ಲೇ ತುಂಡಾದರೆ? ಅದಕ್ಕೆ ಇನ್ನೊಂದು ಕಂಪನಿಯ ಸಿಮ್ ಹಾಕಿದ ಡಾಂಗಲ್ ಇಟ್ಟುಕೊಳ್ಳಿ.

ಆಮೇಲೆ ಒಂದು ಮೇಜು, ಬೆನ್ನು ನೋಯದ ಕುರ್ಚಿ, ಕೈಗೆಟಕುವ ಪ್ಲಗ್. ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಂಟು ಗಂಟೆ ಯಾರೂ ಕೂರಲ್ಲ.

ಈಗ ಪ್ರಚಾರ

ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಹೋಂಸ್ಟೇಯ ವಿವರ ತೋರಿಸುವ ಪುಟ, ಇಲ್ಲದಿದ್ದರೆ ಮಾಡಿಸಿ. ಇದ್ದರೆ ಫೋಟೊ ಬದಲಿಸಿ. ಮಂಜು, ಬೆಟ್ಟ ಎಲ್ಲರ ಹತ್ತಿರವೂ ಇದೆ. ಮೇಜು, ಕುರ್ಚಿ, ಸ್ಪೀಡ್ ಟೆಸ್ಟ್‌ನ ಸ್ಕ್ರೀನ್‌ಶಾಟ್ ಹಾಕಿ, ತಾರೀಖಿನ ಸಮೇತ. ಮಳೆಗಾಲದಲ್ಲಿ ಸ್ಪೀಡ್ ಇಳಿಯುತ್ತೆ ಅಂದರೆ ಅದನ್ನೂ ಬರೆಯಿರಿ. ಸುಳ್ಳು ಹೇಳಿ ಕರೆಸಿಕೊಂಡವರು ಎರಡನೇ ದಿನ ಹೊರಟು ಹೋಗುತ್ತಾರೆ, ಜೊತೆಗೆ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಈಗಿನ ಮುಖ್ಯ ಬದಲಾವಣೆ ಅಂದರೆ, ಜನ ಹುಡುಕುವ ಬದಲು ಕೇಳುತ್ತಾರೆ. ‘ಮಲೆನಾಡಲ್ಲಿ ಒಂದು ತಿಂಗಳು ಕೂತು ಕೆಲಸ ಮಾಡೋಕೆ ಒಳ್ಳೆ ಜಾಗ ಯಾವುದು?’ ಅಂತ ಚಾಟ್‌ಜಿಪಿಟಿಗೆ ಒಂದೇ ಪ್ರಶ್ನೆ. ಇಂಥ ಉತ್ತರಗಳು ಹೆಚ್ಚಾಗಿ ವೆಬ್ ಪುಟದಲ್ಲಿರುವ ಬರಹವನ್ನೇ ನೆಚ್ಚಿಕೊಂಡಿರುತ್ತವೆ. ಬಣ್ಣದ ಪೋಸ್ಟರ್‌ನೊಳಗೆ ಎಲ್ಲಾ ವಿವರ ತುರುಕಿದರೆ ಉಪಯೋಗ ಕಮ್ಮಿ. ‘ಅಪ್‌ಲೋಡ್ ಇಷ್ಟು, ಬ್ಯಾಕಪ್ ಇಷ್ಟು ಗಂಟೆ, ರೈಲ್ವೆ ಸ್ಟೇಷನ್ ಇಷ್ಟು ಕಿಲೊಮೀಟರ್’ ಅಂತ ಬಿಡಿಸಿ ಬರೆಯಿರಿ. ರೀಲ್ಸ್ ಮಾಡಬಾರದು ಅಂತಲ್ಲ. ಅದನ್ನು ನೋಡಿ ವೀಕೆಂಡ್‌ನವರು ಬರುತ್ತಾರೆ, ತಿಂಗಳಿನವರು ವಿವರ ಓದಿ ಬರುತ್ತಾರೆ.

ದರ ಮೂರು ಥರ ಇಡಿ: ದಿನಕ್ಕೆ, ವಾರಕ್ಕೆ, 28 ದಿನಕ್ಕೆ. ಮೂರು ಹೊತ್ತೂ ಹಬ್ಬದೂಟ ಬೇಡ, ಅನ್ನ ಸಾರು ಪಲ್ಯ ಸಾಕು. ಸಣ್ಣ ಅಡುಗೆ ಮೂಲೆ ಬಿಟ್ಟುಕೊಟ್ಟರೆ ಇನ್ನೂ ಖುಷಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರದ ಆನ್‌ಲೈನ್ ಫಾರಂನಲ್ಲಿ ತುಂಬಬೇಕು. ನಾಳೆ ಮಾಡೋಣ ಅಂತ ಬಿಡಬೇಡಿ.

ಕೊನೆಯದಾಗಿ, ಹೊರಡುವ ಅತಿಥಿಗೆ ಬಿಲ್ ಕೊಡುವಾಗ ಒಂದು ಪ್ರಶ್ನೆ ಕೇಳಿ: ‘ಏನಂತ ಟೈಪ್ ಮಾಡಿ ನಮ್ಮನ್ನ ಹುಡುಕಿದ್ರಿ?’ ಉತ್ತರವನ್ನು ಅವರ ಮಾತಲ್ಲೇ ರಿಜಿಸ್ಟರ್‌ನಲ್ಲಿ ಬರೆದಿಡಿ. ನಮ್ಮಲ್ಲಿ ಮೊದಲ ಸಲ ಹದಿನೆಂಟು ದಿನ ಉಳಿದ ಹುಡುಗಿ ಹೇಳಿದ್ದು, ‘ನಾಯಿ ಕರ್ಕೊಂಡು ಹೋಗಬಹುದಾ ಅಂತ ನೋಡ್ತಿದ್ದೆ ಅಂಕಲ್, ಆಮೇಲೆ ನೆಟ್ ಸ್ಪೀಡ್ ಕಣ್ಣಿಗೆ ಬಿತ್ತು’. ನಾಯಿಯ ವಿಷಯ ನಮ್ಮ ಪುಟದಲ್ಲಿ ಎಲ್ಲೂ ಇರಲಿಲ್ಲ, ಯಾರೋ ಹಳೇ ಅತಿಥಿ ರಿವ್ಯೂನಲ್ಲಿ ಬರೆದಿದ್ದರಂತೆ. ಚಿಕ್ಕಪ್ಪ ಅವತ್ತು ಸಂಜೆಯೇ ಸೇರಿಸಿದರು.